ಟರ್ನರ್ ಜೇಬಿನಲ್ಲಿದ್ದ ಬೆಟ್ಟಗಳು

1819ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಚಿತ್ರಕಾರ ಜೆ.ಎಂ.ಡಬ್ಲ್ಯು. ಟರ್ನರ್ ಮೊದಲ ಸಲ ವೆನಿಸ್ ನೋಡಿದ. ಅಲ್ಲಿ ಉಳಿದದ್ದು ಒಂದು ವಾರಕ್ಕೂ ಕಡಿಮೆ. ಅಷ್ಟೂ ದಿನ ಕೈಯಲ್ಲಿ ಪೆನ್ಸಿಲ್ಲು, ಜೇಬಿನಲ್ಲಿ ಹಿಡಿಯುವಂಥ ಒಂದು ಪುಸ್ತಕ. ದೋಣಿಯಲ್ಲಿ ಕೂತು, ಸೇತುವೆಯ ಮೇಲೆ ನಿಂತು, ನೀರಿನಂಚಿನ ಕಟ್ಟೆಗಳ ಮೇಲಿಂದ ಸಾಲುಮನೆಗಳನ್ನೂ ಗೋಪುರಗಳನ್ನೂ ಗೀಚಿಕೊಂಡ. ನೂರಕ್ಕೂ ಮಿಕ್ಕಿ ಪುಟಗಳು ತುಂಬಿದವು. ಬಣ್ಣ ಕಂಡ ಹಾಳೆಗಳು ಮಾತ್ರ ಬೆರಳೆಣಿಕೆಯಷ್ಟು. ಊರಿಗೆ ಮರಳಿದವನು ವೆನಿಸ್‌ನ ತೈಲಚಿತ್ರವನ್ನು ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಕೊಟ್ಟದ್ದು 1833ರಲ್ಲಿ. ನಡುವೆ 14 ವರ್ಷ. ಅಷ್ಟು ವರ್ಷಗಳಲ್ಲಿ ಆತ ಇನ್ನೊಮ್ಮೆ ವೆನಿಸ್‌ಗೆ ಕಾಲಿಟ್ಟಿರಲಿಲ್ಲ. ಎರಡನೇ ಸಲ ಹೋದದ್ದು ಆ ಚಿತ್ರ ಗೋಡೆಗೇರಿದ ಮೇಲೆ, ಅದೇ ವರ್ಷದ ಕೊನೆಭಾಗದಲ್ಲಿ.

ಆ ಪೆನ್ಸಿಲ್ ಪುಟಗಳನ್ನು ಮೊದಲ ಸಲ ನೋಡುವವರಿಗೆ ನಿರಾಸೆಯಾಗುವುದು ಸಹಜ. ಟರ್ನರ್ ಎಂದರೆ ನಮ್ಮ ಮನಸ್ಸಿಗೆ ಬರುವುದು ಬೆಳಕು, ಮಂಜು, ಹಳದಿ-ಕೆಂಪಿನ ಸುಳಿ. ಇಲ್ಲಿ ಅದರ ಸುಳಿವೇ ಇಲ್ಲ. ತೆಳ್ಳನೆಯ, ಆತುರದ, ಒಮ್ಮೊಮ್ಮೆ ಕಣ್ಣಿಗೇ ಹತ್ತದಷ್ಟು ಮಾಸಿದ ಗೆರೆಗಳು. ಒಂದು ಅರಮನೆಯ ಮುಂಭಾಗ ಇದೆ ಎನ್ನಿ: ಅದರಲ್ಲಿ ಒಂದು ಕಿಟಕಿಯನ್ನು ಮಾತ್ರ ಕಮಾನು, ಕಂಬ, ಚೌಕಟ್ಟು ಸಮೇತ ಬರೆದಿರುತ್ತಾನೆ. ಪಕ್ಕದ್ದು ಅರ್ಧ. ಅದರಾಚೆಯದು ಎರಡು ಗೀಟು. ಉಳಿದ ಸಾಲೆಲ್ಲ ಬರೀ ಚುಕ್ಕೆ, ತುಂಡುಗೆರೆ. ಒಂದು ಕಿಟಕಿ ಗೊತ್ತಾದರೆ ಉಳಿದವೂ ಗೊತ್ತಾದಂತೆ. ಮತ್ತೆ ಮತ್ತೆ ಬರೆಯುತ್ತ ಕೂರುವುದೇಕೆ? ಎಷ್ಟು ಕಿಟಕಿ, ಎಲ್ಲಿಂದ ಎಲ್ಲಿಗೆ, ಅವುಗಳ ಮೇಲೆ ಗೋಪುರ ಎಷ್ಟು ಎತ್ತರಕ್ಕೆ ಎದ್ದಿದೆ ಎಂಬುದು ಮುಖ್ಯ. ಪುಟ ಸಾಲದಾದಾಗ ಗೆರೆ ಎದುರು ಪುಟಕ್ಕೆ ಹರಿಯುತ್ತದೆ. ಅಲ್ಲೂ ಸಾಲದಿದ್ದರೆ ಉಳಿದ ಊರನ್ನು ಅದೇ ಪುಟದ ಮೇಲ್ಭಾಗದ ಖಾಲಿ ಆಕಾಶದಲ್ಲಿ ಇನ್ನೊಂದು ಪಟ್ಟಿಯಾಗಿ ಬರೆಯುತ್ತಾನೆ. ಕೆಲವು ಪುಟಗಳಲ್ಲಿ ಪುಸ್ತಕವನ್ನೇ ತಲೆಕೆಳಗು ಮಾಡಿ ಬೇರೊಂದು ನೋಟ ಸೇರಿಸಿದ್ದಾನೆ. ಅಲ್ಲಲ್ಲಿ ಒಂದೆರಡು ಅಕ್ಷರದಲ್ಲಿ ಬಣ್ಣದ ಗುರುತು.

ಇವು ಚಿತ್ರಗಳಲ್ಲ, ಚಿತ್ರದ ಚಿಕ್ಕ ರೂಪಗಳೂ ಅಲ್ಲ. ಪ್ರವಾಸದ ಸ್ಕೆಚ್ ಎಂದರೆ ದೊಡ್ಡ ಚಿತ್ರದ ಮೊದಲ ಕರಡು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಟರ್ನರ್‌ನ ಪುಸ್ತಕಗಳನ್ನು ನೋಡುತ್ತ ಹೋದಂತೆ ನನಗೆ ಅದು ತಪ್ಪು ಅನ್ನಿಸಿದೆ. ಆತ ಪುಟದ ಮೇಲೆ ಇಟ್ಟದ್ದು ತಾನು ಮರೆತುಬಿಡಬಹುದಾದದ್ದನ್ನು: ಕಮಾನುಗಳ ಲೆಕ್ಕ, ಬೆಟ್ಟದ ಅಂಚು, ಕೋಟೆಗೂ ನದಿಗೂ ಇರುವ ಅಂತರ. ಮರೆಯಲಾರದ್ದನ್ನು, ಅಂದರೆ ಬೆಳಕನ್ನೂ ಹವೆಯನ್ನೂ ಎದೆಯೊಳಗಿನ ದಿಗಿಲನ್ನೂ, ಪುಟಕ್ಕೆ ಇಳಿಸದೆ ತನ್ನಲ್ಲೇ ಇಟ್ಟುಕೊಂಡ. ಸಂಗೀತಗಾರರ ಹಳೆಯ ನೋಟ್‌ಪುಸ್ತಕಗಳು ಹೀಗೇ ಇರುತ್ತವೆ. ಸ್ವರ ಬರೆದಿರುತ್ತದೆ, ಗಮಕ ಕಂಠದಲ್ಲಿರುತ್ತದೆ. ಎರಡೂ ಸೇರಿದಾಗಲೇ ಕೃತಿ.

ಟರ್ನರ್ ಹುಟ್ಟಿದ್ದು 1775ರಲ್ಲಿ, ಲಂಡನ್ನಿನ ಕವೆಂಟ್ ಗಾರ್ಡನ್ ಬಡಾವಣೆಯ ಮೇಡನ್ ಲೇನ್‌ನಲ್ಲಿ. ಅಪ್ಪ ಕ್ಷೌರಿಕ, ಮಗನ ಚಿತ್ರಗಳನ್ನು ಅಂಗಡಿಯಲ್ಲೇ ಮಾರಾಟಕ್ಕೆ ಇಡುತ್ತಿದ್ದ. ಹುಡುಗ 14ನೇ ವಯಸ್ಸಿಗೆ ರಾಯಲ್ ಅಕಾಡೆಮಿಯ ಶಾಲೆ ಸೇರಿದ, 26ಕ್ಕೆ ಅಕಾಡೆಮಿಯ ಪೂರ್ಣ ಸದಸ್ಯನಾದ. ಹದಿಹರೆಯದಲ್ಲೇ ರೂಢಿಯಾದ ಪದ್ಧತಿಯೊಂದನ್ನು ಮುದಿವಯಸ್ಸಿನವರೆಗೂ ಬಿಡಲಿಲ್ಲ: ಬೇಸಿಗೆ ಬಂತೆಂದರೆ ಊರೂರು ತಿರುಗುವುದು, ಚಳಿಗಾಲವೆಲ್ಲ ಬಾಗಿಲು ಹಾಕಿಕೊಂಡು ಚಿತ್ರ ಬರೆಯುವುದು. ವೇಲ್ಸ್, ಯಾರ್ಕ್‌ಷೈರ್, ಸ್ಕಾಟ್ಲೆಂಡ್, ಆಮೇಲೆ ಆಲ್ಪ್ಸ್, ರೈನ್ ನದಿ, ಇಟಲಿ. ಕೆಲವೆಡೆ ಗಾಡಿ, ಕೆಲವೆಡೆ ದೋಣಿ, ಬಹಳ ಕಡೆ ಕಾಲ್ನಡಿಗೆ. ಆತ ಸತ್ತ ಮೇಲೆ ದೇಶದ ಪಾಲಿಗೆ ಬಂದ ಸ್ಕೆಚ್‌ಪುಸ್ತಕಗಳು ಸುಮಾರು 300. ಬಿಡಿಹಾಳೆಗಳೂ ಸೇರಿ ಕಾಗದದ ಮೇಲಿನ ಕೆಲಸ 30,000ಕ್ಕೂ ಹೆಚ್ಚು.

ಸ್ಥಳದಲ್ಲೇ ಬಣ್ಣ ಏಕೆ ಹಚ್ಚುತ್ತಿರಲಿಲ್ಲ? ಇದಕ್ಕೆ ಆತನೇ ಕೊಟ್ಟ ಉತ್ತರ ಒಂದು ಕಾಗದದಲ್ಲಿ ಉಳಿದುಬಂದಿದೆ. 1819ರಲ್ಲಿ ನೇಪಲ್ಸ್‌ನಲ್ಲಿ ಆತನನ್ನು ಕಂಡ ವಾಸ್ತುಶಿಲ್ಪಿ ಜಾನ್ ಸೋನ್‌ನ ಮಗ ಊರಿಗೆ ಬರೆದ ಪತ್ರ ಅದು. ಬಯಲಲ್ಲಿ ಕೂತು ಬಣ್ಣ ಹಚ್ಚುವುದಕ್ಕೆ ಹೊತ್ತು ಸಾಲದು, ಒಂದು ಬಣ್ಣದ ಚಿತ್ರ ಮಾಡುವಷ್ಟರಲ್ಲಿ 15-16 ಪೆನ್ಸಿಲ್ ಚಿತ್ರ ಮಾಡಬಹುದು ಎಂದು ಟರ್ನರ್ ಹೇಳಿದನಂತೆ. ಇದು ಬರೀ ಹೊತ್ತಿನ ಲೆಕ್ಕವಲ್ಲ ಎಂದು ನಾನು ನಂಬುತ್ತೇನೆ. ಒಂದು ಮೂಲೆಯಲ್ಲಿ ಕೂತು ಬಣ್ಣ ಹಚ್ಚುವವನಿಗೆ ಒಂದು ಮೂಲೆ ಸಿಗುತ್ತದೆ. ನಡೆಯುತ್ತ 16 ಸಲ ನಿಂತವನಿಗೆ ಬೆಟ್ಟವೇ ತಿರುಗಿ ತೋರುತ್ತದೆ. ಈ ಬದಿಯಿಂದ ಚೂಪಾಗಿದ್ದ ಕೋಡು ಆ ಬದಿಯಿಂದ ಮೊಂಡಾಗಿರುತ್ತದೆ, ಮರೆಯಲ್ಲಿದ್ದ ಗೋಪುರ ತಿರುವಿನಲ್ಲಿ ಎದುರಾಗುತ್ತದೆ. ಎಷ್ಟೋ ಪುಟಗಳು ಹೀಗೆ ಒಂದೇ ದಾರಿಯ ಹತ್ತಾರು ಹೆಜ್ಜೆಗಳ ಅಂತರದಲ್ಲಿ ಮಾಡಿದ ನೋಟಗಳು. ಹಾಗೆಂದು ಬಯಲಲ್ಲಿ ಆತ ಕುಂಚ ಹಿಡಿದೇ ಇಲ್ಲವೆಂದಲ್ಲ. 1805ರ ಸುಮಾರಿಗೆ ಥೇಮ್ಸ್ ನದಿಯ ಮಗ್ಗುಲಲ್ಲಿ, 1813ರಲ್ಲಿ ಡೆವನ್‌ನಲ್ಲಿ ತೈಲದಲ್ಲೇ ಸ್ಥಳಚಿತ್ರ ಮಾಡಿದ್ದಾನೆ; ಅವು ಚೆಲುವಾಗಿಯೂ ಇವೆ. ಆದರೆ ಆ ದಾರಿ ಆತನಿಗೆ ಒಗ್ಗಲಿಲ್ಲ.

ತಮಾಷೆಯಲ್ಲ, ನಿಜಕ್ಕೂ ಸೋಜಿಗದ ಸಂಗತಿ: 1833ರ ಆ ಮೊದಲ ವೆನಿಸ್ ತೈಲಚಿತ್ರದ ಎಡಬದಿಯಲ್ಲಿ ಟರ್ನರ್ ಒಬ್ಬ ಚಿತ್ರಕಾರನನ್ನು ನಿಲ್ಲಿಸಿದ್ದಾನೆ. ಆತ ಹಿಂದಿನ ಶತಮಾನದ ವೆನಿಸ್ ಕಲಾವಿದ ಕನಲೆಟ್ಟೊ. ದಡದಲ್ಲೇ ನಿಂತು, ಎದುರಿನ ದೃಶ್ಯ ನೋಡುತ್ತ ಕ್ಯಾನ್ವಾಸಿಗೆ ಬಣ್ಣ ಹಚ್ಚುತ್ತಿದ್ದಾನೆ. ಕ್ಯಾನ್ವಾಸಿಗೆ ಆಗಲೇ ಚಿನ್ನದ ಚೌಕಟ್ಟೂ ಇದೆ. ತಾನು ಮಾಡದ ಕೆಲಸವನ್ನು, 14 ವರ್ಷದ ಹಿಂದಿನ ನೆನಪಿನಿಂದ ಎಬ್ಬಿಸಿದ ಊರಿನಲ್ಲಿ, ಹಿರಿಯನೊಬ್ಬನ ಕೈಯಿಂದ ಮಾಡಿಸಿದ್ದಾನೆ.

ಹೊರಡುವ ಮುಂಚೆಯೂ ಸಾಕಷ್ಟು ತಯಾರಿ ನಡೆಯುತ್ತಿತ್ತು. ಇಟಲಿಗೆ ಹೋಗುವ ಮೊದಲು ಒಂದು ಸಣ್ಣ ಪುಸ್ತಕದಲ್ಲಿ ಇಟಲಿಯ ಪ್ರಸಿದ್ಧ ತಾಣಗಳನ್ನು, ಅಚ್ಚಾದ ನೋಟಚಿತ್ರಗಳ ಗ್ರಂಥದಿಂದ, ಹೆಬ್ಬೆರಳಿನಷ್ಟು ಚಿಕ್ಕದಾಗಿ ನಕಲು ಮಾಡಿಕೊಂಡ. ಒಂದೊಂದು ಪುಟದಲ್ಲಿ ಹಲವು ಚಿತ್ರ, ಜೊತೆಗೆ ಟಿಪ್ಪಣಿ. ಎಲ್ಲಿ ನಿಲ್ಲಬೇಕು, ಏನು ತಪ್ಪಿಸಿಕೊಳ್ಳಬಾರದು ಎಂಬುದು ಮೊದಲೇ ಗೊತ್ತಿರಲಿ ಎಂದು. ಸ್ವಂತ ಕಣ್ಣಿಗೆ ಮೊದಲೇ ಬೇರೆಯವರ ಕಣ್ಣು ಬೆರೆಸುವುದು ಸರಿಯೇ ಎಂದು ಕೇಳಬಹುದು. ಟರ್ನರ್‌ಗೆ ಅದು ಅಡ್ಡಿಯಾದಂತೆ ಕಾಣುವುದಿಲ್ಲ. ಇತರರು ನಿಂತ ಜಾಗ ತಿಳಿದಿದ್ದರಿಂದಲೇ ಅಲ್ಲಿಂದ ಹತ್ತು ಮಾರು ಆಚೆ ಹೋಗಿ ನಿಲ್ಲಲು ಆತನಿಗೆ ಸಾಧ್ಯವಾಯಿತು.

1819ರ ಆ ಇಟಲಿ ಪ್ರವಾಸಕ್ಕೂ 17 ವರ್ಷ ಹಿಂದೆ ಆತ ಮೊದಲ ಸಲ ಇಂಗ್ಲಿಷ್ ಕಾಲುವೆ ದಾಟಿದ್ದ. ಬ್ರಿಟನ್-ಫ್ರಾನ್ಸ್ ನಡುವೆ 1802ರ ಮಾರ್ಚ್‌ನಲ್ಲಿ ಅಮಿಯೆನ್ಸ್ ಒಪ್ಪಂದ ಆಗಿ, ಒಂಬತ್ತು ವರ್ಷದ ಯುದ್ಧಕ್ಕೆ ಸಣ್ಣದೊಂದು ಬಿಡುವು ಸಿಕ್ಕಿತ್ತು. ಟರ್ನರ್ ಆ ಬೇಸಿಗೆಯಲ್ಲೇ ಹೊರಟ. ಪ್ಯಾರಿಸ್‌ನಲ್ಲಿ ಒಂದು ಹಗುರ ಗಾಡಿ ಕೊಂಡು ಲಿಯೊನ್, ಗ್ರೆನೋಬಲ್, ಶಾಮೊನಿ, ಸೇಂಟ್ ಬರ್ನಾರ್ಡ್ ಕಣಿವೆದಾರಿ, ಗ್ರಿಂಡೆಲ್ವಾಲ್ಡ್, ಸೇಂಟ್ ಗೊಥಾರ್ಡ್, ಷಾಫ್‌ಹೌಸೆನ್ ಜಲಪಾತ ಎಂದು ಸುತ್ತಿದ. ಬಂದದ್ದು ಸುಮಾರು 400 ರೇಖಾಚಿತ್ರಗಳೊಂದಿಗೆ. ಆಗ ಆತನಿಗಿನ್ನೂ 27. ಹಿಮದ ಬೆಟ್ಟಗಳಿಗೆಂದೇ ಆತ ಕೆಲವು ಹಾಳೆಗಳಿಗೆ ಬೂದುಬಣ್ಣದ ತೆಳುವಾದ ವಾಶ್ ಹಚ್ಚಿದ್ದ. ಬಿಳಿ ಕಾಗದದ ಮೇಲೆ ಹಿಮ ತೋರಿಸುವುದು ಕಷ್ಟ. ಬೂದುಬಣ್ಣದ ಮೇಲಾದರೆ ಕಪ್ಪು ಸೀಮೆಸುಣ್ಣದಿಂದ ಬಂಡೆ, ಬಿಳಿ ಸೀಮೆಸುಣ್ಣದಿಂದ ಹಿಮ. ಕೆಲವೆಡೆ ವಾಶ್ ಕೆರೆದು ಕೆಳಗಿನ ಬಿಳಿ ತೆಗೆದಿದ್ದಾನೆ.

1803ರ ಮೇ ತಿಂಗಳಿಗೆ ಯುದ್ಧ ಮತ್ತೆ ಶುರುವಾಯಿತು. ನೆಪೋಲಿಯನ್ ಬೀಳುವವರೆಗೂ ಯುರೋಪಿನ ದಾರಿ ಇಂಗ್ಲಿಷರಿಗೆ ಮುಚ್ಚಿತ್ತು. ಟರ್ನರ್ ಮತ್ತೆ ಕಾಲುವೆ ದಾಟಿದ್ದು 1817ರಲ್ಲಿ. ಅಷ್ಟು ವರ್ಷ ಆತನ ಆಲ್ಪ್ಸ್ ಎಂದರೆ ಆ ಒಂದು ಬೇಸಿಗೆಯ ಪುಟಗಳೇ. ಹಾಳೆಗಳನ್ನು ಬಿಡಿಸಿ ದೊಡ್ಡ ಆಲ್ಬಮ್ಮಿಗೆ ಅಂಟಿಸಿದ, ಆಸಕ್ತಿಯುಳ್ಳ ಶ್ರೀಮಂತರಿಗೆ ತೋರಿಸಿದ, ಅವರು ಬೆರಳಿಟ್ಟದ್ದನ್ನು ದೊಡ್ಡ ಜಲವರ್ಣವಾಗಿ ಮಾಡಿಕೊಟ್ಟ. ರೈಕೆನ್‌ಬಾಖ್ ಜಲಪಾತ, ಗೊಥಾರ್ಡ್ ಕಣಿವೆಯ ದೆವ್ವದ ಸೇತುವೆಯ ನೋಟ, ಷಾಫ್‌ಹೌಸೆನ್‌ನಲ್ಲಿ ರೈನ್ ಧುಮುಕುವುದು, ಇವೆಲ್ಲ ಹೀಗೆ ಹುಟ್ಟಿದವು. ಗಿರಾಕಿಗಳಲ್ಲಿ ಮುಖ್ಯನಾದವನು ಯಾರ್ಕ್‌ಷೈರಿನ ಫಾರ್ನ್‌ಲಿ ಹಾಲ್‌ನ ಜಮೀನ್ದಾರ ವಾಲ್ಟರ್ ಫಾಕ್ಸ್.

ಆ ಫಾರ್ನ್‌ಲಿ ಮನೆಯಲ್ಲೇ 1810ರಲ್ಲಿ ನಡೆದ ಸಂಗತಿಯನ್ನು ಫಾಕ್ಸ್‌ನ ಮಗ ಮುಂದೆ ನೆನೆದು ಹೇಳಿದ್ದಾನೆ. ವಾರ್ಫ್ ನದಿಯ ಕಣಿವೆಯ ಮೇಲೆ ಗುಡುಗು-ಮಿಂಚಿನ ಬಿರುಗಾಳಿ ಎದ್ದಿತ್ತು. ಬಾಗಿಲ ಬಳಿ ನಿಂತಿದ್ದ ಟರ್ನರ್ ಹುಡುಗನನ್ನು ಕೂಗಿ ಕರೆದ. ಒಂದು ಕಾಗದದ ಬೆನ್ನ ಮೇಲೆ ಆ ಮೋಡಗಳ ಆಕಾರ, ಬಣ್ಣ ಗುರುತು ಮಾಡಿಕೊಳ್ಳುತ್ತಿದ್ದ. ಒಳ್ಳೆಯ ಹಾಳೆ ತಂದುಕೊಡುತ್ತೇನೆ ಎಂದರೂ ಬೇಡ, ಇದೇ ಸಾಕು ಎಂದ. ಬಿರುಗಾಳಿ ಕಳೆದ ಮೇಲೆ, ಎರಡು ವರ್ಷದಲ್ಲಿ ಇದನ್ನು ಮತ್ತೆ ನೋಡುತ್ತೀಯೆ, ಅದಕ್ಕೆ ಹ್ಯಾನಿಬಲ್ ಆಲ್ಪ್ಸ್ ದಾಟಿದ್ದು ಎಂದು ಹೆಸರಿರುತ್ತದೆ ಎಂದನಂತೆ.

1812ರಲ್ಲಿ ಆ ಚಿತ್ರ ಬಂತು. ಎಂಟು ಅಡಿಗೆ ಸ್ವಲ್ಪ ಕಡಿಮೆ ಅಗಲದ ಕ್ಯಾನ್ವಾಸು. ಮೇಲೆಲ್ಲ ಕಪ್ಪು ಮೋಡದ ಸುಳಿ ಕಮಾನಾಗಿ ಬಾಗಿದೆ. ಅದರ ಹಿಂದೆ ಕುಂದಿದ ಕಿತ್ತಳೆ ಸೂರ್ಯ. ಸೇನಾಪತಿ ಹ್ಯಾನಿಬಲ್‌ನನ್ನು ಹುಡುಕಬೇಕು. ದೂರದಲ್ಲಿ ಇರುವೆಯಷ್ಟು ಆನೆ. ಮುಂಭಾಗದಲ್ಲಿ ಹಿಂದೆ ಬಿದ್ದ ಸೈನಿಕರನ್ನು ಬೆಟ್ಟದ ಜನ ಸುಲಿಯುತ್ತಿದ್ದಾರೆ. ಇಲ್ಲಿನ ಕಣಿವೆ 1802ರ ಆಲ್ಪ್ಸ್‌ನದು, ಆಕಾಶ 1810ರ ಯಾರ್ಕ್‌ಷೈರ್‌ನದು, ಕತೆ ಎರಡು ಸಾವಿರ ವರ್ಷದ ಹಿಂದಿನದು. ಮೂರೂ ಬೇರೆಬೇರೆ ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ನೋಡುವವರ ಮೈಗೆ ಆ ಗಾಳಿ ತಾಗುತ್ತದೆ. ಬೆಟ್ಟವೇರುವಾಗಿನ ಚಳಿ ಗೊತ್ತಿದ್ದವನ ಕೈಗೆ ಮಾತ್ರ ಯಾರ್ಕ್‌ಷೈರ್ ಮೋಡವನ್ನು ಅಲ್ಲಿಗೆ ಕೂರಿಸಲು ಆಗುತ್ತಿತ್ತು.

ಇಲ್ಲಿ ನಮ್ಮ ನಾಡಿಗೆ ಒಂದು ಎಳೆ ಸೇರುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಮಡಿದ ಸುದ್ದಿ ಲಂಡನ್ನಿಗೆ ಮುಟ್ಟಿದ ಮೇಲೆ ಆ ಕೋಟೆಯ ಚಿತ್ರಗಳಿಗೆ ಎಲ್ಲಿಲ್ಲದ ಬೇಡಿಕೆ. ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಸುಮಾರು 120 ಅಡಿ ಉದ್ದದ ಪಟವನ್ನೇ ಬರೆದು ಜನರಿಗೆ ತೋರಿಸಿದ. ಅದೇ ಹೊತ್ತಿನಲ್ಲಿ ತರುಣ ಟರ್ನರ್ ಕೂಡ ಶ್ರೀರಂಗಪಟ್ಟಣದ ಮುತ್ತಿಗೆಯ ಜಲವರ್ಣ ಮಾಡಿದ್ದಾನೆ. ಅದೀಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಆತ ಭಾರತಕ್ಕೆ ಎಂದೂ ಬಂದವನಲ್ಲ. ಕಾವೇರಿಯ ನೀರು, ಬೇಸಿಗೆಯಲ್ಲಿ ಮೇಲೇಳುವ ಬಂಡೆ, ಸುಣ್ಣದ ಗೋಡೆಯ ಮೇಲಿನ ಮೇ ತಿಂಗಳ ಬಿಸಿಲು ಯಾವುದೂ ಆತನ ಕಣ್ಣಿಗೆ ಬಿದ್ದಿರಲಿಲ್ಲ. ಬೇರೆಯವರು ಬರೆದದ್ದನ್ನು ನೆಚ್ಚಬೇಕಾಗಿತ್ತು. 1830ರ ದಶಕದಲ್ಲಿ ಸೇನಾಧಿಕಾರಿ ಜಾರ್ಜ್ ಫ್ರಾನ್ಸಿಸ್ ವೈಟ್ ಹಿಮಾಲಯದಲ್ಲಿ ಮಾಡಿಕೊಂಡ ಸ್ಕೆಚ್‌ಗಳನ್ನು ಆಧರಿಸಿ ಅಚ್ಚಿನ ಪುಸ್ತಕಕ್ಕಾಗಿ ಕೆಲವು ಜಲವರ್ಣ ಮಾಡಿಕೊಟ್ಟದ್ದೂ ಇದೆ. ಕೈಚಳಕಕ್ಕೆ ಅವುಗಳಲ್ಲೂ ಕೊರತೆ ಇಲ್ಲ. ಆದರೆ ಆಲ್ಪ್ಸ್ ಚಿತ್ರಗಳ ಪಕ್ಕದಲ್ಲಿಟ್ಟರೆ ಅವು ಎರವಲು ಎಂದು ತಿಳಿಯುತ್ತದೆ. ಇನ್ನೊಬ್ಬರ ಸ್ಕೆಚ್ಚಿನಲ್ಲಿ ಗೆರೆ ಸಿಗಬಹುದು. ಗೆರೆಯ ಹಿಂದೆ ಬಿಟ್ಟುಬಂದದ್ದು ಸಿಗುವುದಿಲ್ಲ.

ಅದೇ ಕಾಲದಲ್ಲಿ ದಕ್ಷಿಣ ಭಾರತವನ್ನು ಕಣ್ಣಾರೆ ನೋಡಿ ಬರೆದವರು ಬೇರೆಯೇ ಇದ್ದರು. ಥಾಮಸ್ ಡೇನಿಯಲ್ ಮತ್ತು ಆತನ ಅಣ್ಣನ ಮಗ ವಿಲಿಯಂ 1792ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಯುದ್ಧದ ಬಿಸಿಯಾರದ ಹೊಸೂರು, ರಾಯಕೋಟೆ ಸೀಮೆಯ ಗುಡ್ಡಕೋಟೆಗಳನ್ನು ಚಿತ್ರಿಸಿದರು. ಅವರು ಜೊತೆಯಲ್ಲಿ ಕ್ಯಾಮೆರಾ ಅಬ್ಸ್‌ಕ್ಯೂರ ಒಯ್ಯುತ್ತಿದ್ದರು. ಕತ್ತಲ ಪೆಟ್ಟಿಗೆಯೊಳಗೆ ಮೂಡಿದ ಬಿಂಬದ ಮೇಲೆ ಪೆನ್ಸಿಲ್ ಆಡಿಸಿದರೆ ಅಳತೆ ತಪ್ಪುವುದಿಲ್ಲ. ಊರಿಗೆ ಮರಳಿ 1795ರಿಂದ 1808ರವರೆಗೆ ‘ಓರಿಯಂಟಲ್ ಸೀನರಿ’ ಎಂದು 144 ಮುದ್ರಣಚಿತ್ರಗಳನ್ನು ಹೊರತಂದರು. ನಮ್ಮ ಚರಿತ್ರೆಗೆ ಅವು ಬೆಲೆಕಟ್ಟಲಾಗದ ದಾಖಲೆಗಳು. ಬಿದ್ದುಹೋದ ಕೋಟೆ ಹೇಗಿತ್ತು ಎಂದು ಇಂದಿಗೂ ಅವುಗಳನ್ನೇ ಕೇಳಬೇಕು. ಟರ್ನರ್‌ನನ್ನು ಹಾಗೆ ಕೇಳಲಾಗದು. ಆತನಿಗೂ ಅಳತೆ ಗೊತ್ತಿತ್ತು, ರಾಯಲ್ ಅಕಾಡೆಮಿಯಲ್ಲಿ ಪರ್ಸ್ಪೆಕ್ಟಿವ್ ಪಾಠ ಹೇಳುವ ಪ್ರಾಧ್ಯಾಪಕನೇ ಆಗಿದ್ದ. ಅಳತೆಯನ್ನು ಪುಸ್ತಕದಲ್ಲಿ ಪಾಲಿಸಿ, ಕ್ಯಾನ್ವಾಸಿನ ಮುಂದೆ ಅದರಿಂದ ಬಿಡಿಸಿಕೊಳ್ಳುತ್ತಿದ್ದ.

ಹೀಗೆ ಬಿಡಿಸಿಕೊಳ್ಳುವುದಕ್ಕೆ ಎಷ್ಟು ಕಾಲ ಹಿಡಿಯಬಹುದು ಎಂಬುದಕ್ಕೆ ನಾರಮ್ ಕೋಟೆಗಿಂತ ದೊಡ್ಡ ಸಾಕ್ಷಿ ಇಲ್ಲ. ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಟ್ವೀಡ್ ನದಿಯ ದಡದಲ್ಲಿ ಅರ್ಧ ಕುಸಿದು ನಿಂತ ಕೋಟೆ ಅದು. ಟರ್ನರ್ ಅದನ್ನು ಮೊದಲು ಕಂಡದ್ದು 1797ರಲ್ಲಿ, 22ನೇ ವಯಸ್ಸಿನಲ್ಲಿ, ಪೆನ್ಸಿಲ್ಲಿನಲ್ಲಿ ಬರೆದುಕೊಂಡ. ಮರುವರ್ಷ ಬೇಸಿಗೆಯ ಮುಂಜಾವಿನ ನಾರಮ್ ಜಲವರ್ಣ ಅಕಾಡೆಮಿಯಲ್ಲಿ ಪ್ರದರ್ಶನಗೊಂಡು ಹೆಸರು ತಂದಿತು. ಮುಂದೆ ‘ಲಿಬರ್ ಸ್ಟುಡಿಯೋರಮ್’ ಎಂಬ ತನ್ನ ಮುದ್ರಣಮಾಲೆಯಲ್ಲಿ ಅದೇ ಕೋಟೆ. 1820ರ ದಶಕದಲ್ಲಿ ಇಂಗ್ಲೆಂಡಿನ ನದಿಗಳ ಮಾಲೆಯಲ್ಲಿ ಮತ್ತೆ ಅದೇ. ನಡುವೆ ಆ ದಾರಿಯಲ್ಲಿ ಹೋದಾಗ ಮತ್ತೆ ಗೀಚಿಕೊಂಡಿದ್ದಾನೆ. 1831ರಲ್ಲಿ ಪ್ರಕಾಶಕ ಕ್ಯಾಡೆಲ್ ಜೊತೆ ಅಲ್ಲಿ ಹಾದುಹೋಗುವಾಗ ಟರ್ನರ್ ಟೋಪಿ ತೆಗೆದು ಕೋಟೆಗೆ ವಂದಿಸಿದನೆಂದೂ, ತನಗೆ ಕೈತುಂಬ ಕೆಲಸ ಕೊಟ್ಟದ್ದು ಇದರ ಚಿತ್ರವೇ ಎಂದನೆಂದೂ ಹೇಳುತ್ತಾರೆ.

ಕೊನೆಯ ನಾರಮ್ 1845ರ ಸುಮಾರಿನದು. ಆಗ ಆತನಿಗೆ ಎಪ್ಪತ್ತರ ಹತ್ತಿರ. ಈ ತೈಲಚಿತ್ರದಲ್ಲಿ ಕೋಟೆ ಎಂಬುದು ನೀಲಿಯ ಒಂದು ನೆರಳು. ಅದರ ಮೇಲೆ ಹಳದಿ ಸೂರ್ಯ, ಕೆಳಗೆ ಅದೇ ನೀಲಿ-ಹಳದಿ ನೀರಿನಲ್ಲಿ ಕರಗಿದೆ. ಇಳಿದು ನೀರಿಗೆ ಬಂದ ಒಂದು ಕಂದು ಹಸು. ಕಲ್ಲಿಲ್ಲ, ಕಿಟಕಿಯಿಲ್ಲ, ಗೋಡೆಯಿಲ್ಲ. 1797ರ ಪುಟದಲ್ಲಿ ಇದ್ದದ್ದೆಲ್ಲ ಇಲ್ಲಿ ಇಲ್ಲ. ಅಲ್ಲಿ ಇಲ್ಲದ್ದು ಮಾತ್ರ ಇದೆ. ಆದರೂ ಕೋಟೆ ಕೂತ ಜಾಗ, ಎರಡೂ ದಡ ಇಳಿದುಬರುವ ಬಾಗು, ನಡುವಿನ ನೀರು ತಪ್ಪಿಲ್ಲ. ಗೆರೆ ಗಟ್ಟಿಯಾಗಿ ಒಳಗಿಳಿದಿದ್ದರಿಂದ ಮೇಲಿನದನ್ನೆಲ್ಲ ಬಿಟ್ಟುಕೊಡಲು ಸಾಧ್ಯವಾಯಿತು ಎಂದೇ ನನ್ನ ನಂಬಿಕೆ. ಟರ್ನರ್‌ನ ಕೊನೆಗಾಲದ ಚಿತ್ರಗಳನ್ನು ಬಣ್ಣದ ಆಟ ಎಂದು ನೋಡುವವರು ಈ 48 ವರ್ಷದ ನಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಚಿತ್ರವನ್ನು ಆತ ಬದುಕಿದ್ದಾಗ ಯಾರಿಗೂ ಪ್ರದರ್ಶಿಸಲಿಲ್ಲ. ಮುಗಿಸದೆ ಬಿಟ್ಟದ್ದೆಂದು ಪಕ್ಕಕ್ಕಿಟ್ಟಿದ್ದ ಅದು ಜನರ ಮುಂದೆ ಬಂದದ್ದು 1906ರಲ್ಲಿ.

ಇಳಿವಯಸ್ಸಿನಲ್ಲಿ ಆತ ಮತ್ತೆ ಸ್ವಿಟ್ಜರ್ಲೆಂಡಿಗೆ ಹೋಗತೊಡಗಿದ. 1841ರಿಂದ 1844ರವರೆಗೆ ಪ್ರತಿ ಬೇಸಿಗೆ. ಈಗ ಜೊತೆಗಿದ್ದದ್ದು ಮೆತ್ತನೆ ರಟ್ಟಿನ, ಸುರುಳಿ ಸುತ್ತಿ ಜೇಬಿಗಿಡುವ ಪುಸ್ತಕ. ಪೆನ್ಸಿಲ್ ಗೆರೆಯ ಮೇಲೆ ಜಲವರ್ಣವೂ ಬಂತು. ಲೂಸರ್ನ್ ಸರೋವರದ ಆಚೆಯ ರಿಗಿ ಬೆಟ್ಟವನ್ನು ಬೆಳಗ್ಗೆ, ಸಂಜೆ, ಮಬ್ಬಿನಲ್ಲಿ, ಕೆಂಪಿನಲ್ಲಿ ಮತ್ತೆ ಮತ್ತೆ ಮಾಡಿದ. 1842ರಲ್ಲಿ ಇಂಥ 15 ಹಾಳೆಗಳನ್ನು ದಲ್ಲಾಳಿ ಥಾಮಸ್ ಗ್ರಿಫಿತ್ ಮುಂದಿಟ್ಟು, ಇವುಗಳಲ್ಲಿ 10ನ್ನು ಪೂರ್ಣ ಚಿತ್ರವಾಗಿ ಮಾಡಿಕೊಡುತ್ತೇನೆ, ಗಿರಾಕಿ ಹುಡುಕು ಎಂದ. ಹೇಗಿರುತ್ತವೆಂದು ತೋರಿಸಲು ನಾಲ್ಕನ್ನು ತಾನಾಗಿಯೇ ಪೂರ್ಣಗೊಳಿಸಿದ್ದ. ಒಂದಕ್ಕೆ 80 ಗಿನಿ. ಯುರೋಪಿನ ಅತಿ ದೊಡ್ಡ ಭೂದೃಶ್ಯ ಚಿತ್ರಕಾರನಿಗೆ 10 ಗಿರಾಕಿಗಳು ಸಿಗಲಿಲ್ಲ, ಒಂಬತ್ತೇ ಸಿಕ್ಕಿದ್ದು. ಈ ಶೈಲಿ ಹೊಸದು, ಹಿಂದಿನಂತಿಲ್ಲ ಎಂದು ಕೊಳ್ಳುವವರು ಹಿಂಜರಿದರು. ಆ ಒಂಬತ್ತರಲ್ಲಿ ‘ನೀಲಿ ರಿಗಿ’ಯೂ ಒಂದು. 2007ರಲ್ಲಿ ಅದು ದೇಶ ಬಿಟ್ಟು ಹೋಗದಂತೆ ಉಳಿಸಿಕೊಳ್ಳಲು ಟೇಟ್ ಸಾರ್ವಜನಿಕರಿಂದ ಹಣ ಕೂಡಿಸಿ ಲಕ್ಷಾಂತರ ಪೌಂಡ್ ತೆರಬೇಕಾಯಿತು.

ಮರುವರ್ಷದ ಹಾಳೆಗಳಲ್ಲಿ ಗೊಥಾರ್ಡ್ ದಾರಿಯ ಫೈಡೊ ಕಣಿವೆ ಇತ್ತು. ಅದನ್ನು ಪೂರ್ಣ ಚಿತ್ರವಾಗಿ ಮಾಡಿಸಿಕೊಂಡವನು ಕಲಾವಿಮರ್ಶಕ ಜಾನ್ ರಸ್ಕಿನ್, ಆಗಿನ್ನೂ 24ರ ತರುಣ. ಚಿತ್ರ ಗೋಡೆಗೆ ಹಾಕಿಕೊಂಡು ಸುಮ್ಮನಿರುವ ಜಾಯಮಾನ ಆತನದಲ್ಲ. 1845ರಲ್ಲಿ ಫೈಡೊಗೇ ಹೋಗಿ ಟರ್ನರ್ ನಿಂತ ಜಾಗ ಹುಡುಕಿದ. ಹೊಳೆ ಇತ್ತು, ಉರುಳಿಬಂದ ಕಲ್ಲುಗಳಿದ್ದವು. ಬೆಟ್ಟ ಮಾತ್ರ ಚಿತ್ರದಲ್ಲಿದ್ದಷ್ಟು ದೊಡ್ಡದಿರಲಿಲ್ಲ, ಕಣಿವೆ ಅಷ್ಟು ಕಡಿದಾಗಿರಲಿಲ್ಲ. ಇನ್ನೊಬ್ಬನಾಗಿದ್ದರೆ ಕೊಟ್ಟ ಹಣಕ್ಕೆ ಮರುಗುತ್ತಿದ್ದನೇನೋ. ರಸ್ಕಿನ್ ಅಲ್ಲೇ ಕೂತು ಇದ್ದದ್ದನ್ನು ಇದ್ದಂತೆ ಬರೆದುಕೊಂಡ. 1856ರಲ್ಲಿ ‘ಮಾಡರ್ನ್ ಪೇಂಟರ್ಸ್’ ಗ್ರಂಥದ ನಾಲ್ಕನೇ ಸಂಪುಟದಲ್ಲಿ ತಾನು ಕಂಡ ಕಣಿವೆ, ಟರ್ನರ್ ಕಂಡ ಕಣಿವೆ ಎರಡನ್ನೂ ಕೆತ್ತನೆ ಮಾಡಿ ಓದುಗರ ಮುಂದಿಟ್ಟ. ಟರ್ನರ್ ಆ ಜಾಗಕ್ಕೆ ಆಕಾಶದಿಂದ ಇಳಿದವನಲ್ಲ ಎಂಬುದು ಆತನ ವಾದದ ತಿರುಳು. ಮೇಲಿನ ಗೊಥಾರ್ಡ್‌ನಿಂದ ಗಾಡಿಯಲ್ಲಿ, ಪ್ರಪಾತಗಳ ಅಂಚಿನಲ್ಲಿ, ಮೊರೆಯುವ ಹೊಳೆಯ ಜೊತೆಜೊತೆಗೇ ಇಳಿದು ಬಂದಿದ್ದಾನೆ. ದಾರಿಯುದ್ದಕ್ಕೂ ಕಂಡ ಭಯವೆಲ್ಲ ಫೈಡೊದಲ್ಲಿ ನಿಂತಾಗಲೂ ಆತನ ಕಣ್ಣಲ್ಲಿತ್ತು. ಅದನ್ನು ಬಿಟ್ಟು ಬರೆದಿದ್ದರೆ ಅದೇ ಸುಳ್ಳಾಗುತ್ತಿತ್ತು. ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆಗುಂಬೆ ಘಾಟಿ ಹತ್ತಿ ಬಂದವರಿಗೆ ಮೇಲಿನ ನೋಟ ಕಾಣುವ ಪರಿಯೇ ಬೇರೆ, ಅಲ್ಲೇ ಕಣ್ಣುಬಿಟ್ಟವರಿಗೆ ಕಾಣುವ ಪರಿಯೇ ಬೇರೆ.

ಟರ್ನರ್ 1851ರ ಡಿಸೆಂಬರ್ 19ರಂದು ತೀರಿಕೊಂಡ. ಮುಗಿಸಿದ ಚಿತ್ರಗಳು ದೇಶಕ್ಕೆ ಸೇರಬೇಕೆಂದು ಉಯಿಲು ಬರೆದಿದ್ದ. ಬಂಧುಗಳು ವ್ಯಾಜ್ಯ ಹೂಡಿ, ಅದು 1856ರಲ್ಲಿ ಇತ್ಯರ್ಥವಾದಾಗ ಮನೆಯಲ್ಲಿದ್ದ ಚಿತ್ರಗಳ ಜೊತೆಗೆ ಸ್ಕೆಚ್‌ಪುಸ್ತಕಗಳೂ ಬಿಡಿಹಾಳೆಗಳೂ ಎಲ್ಲವೂ ದೇಶಕ್ಕೆ ಬಂದವು. ನ್ಯಾಷನಲ್ ಗ್ಯಾಲರಿಯ ನೆಲಮಾಳಿಗೆಯಲ್ಲಿ ಅವನ್ನು ಬಿಡಿಸಿ ಜೋಡಿಸಲು ಕೂತವನೂ ರಸ್ಕಿನ್ನನೇ, 1857-58ರಲ್ಲಿ. ತವರದ ಪೆಟ್ಟಿಗೆಗಳಲ್ಲಿ ತುರುಕಿದ್ದ ಹಾಳೆಗಳಲ್ಲಿ ಕೆಲವಕ್ಕೆ ತೇವ ಹಿಡಿದಿತ್ತು, ಕೆಲವನ್ನು ಇಲಿ ಕಡಿದಿತ್ತು, ಸೀಮೆಸುಣ್ಣ ಉದುರಿ ಎದುರು ಪುಟಕ್ಕೆ ಮೆತ್ತಿತ್ತು. ಎ.ಜೆ. ಫಿನ್‌ಬರ್ಗ್ 1909ರಲ್ಲಿ ಎಲ್ಲವನ್ನೂ ಎರಡು ಸಂಪುಟಗಳಲ್ಲಿ ಪಟ್ಟಿ ಮಾಡಿದ. ಆ ಸಂಖ್ಯೆಗಳನ್ನೇ ಇಂದಿಗೂ ಬಳಸುತ್ತಾರೆ. 1928ರ ಜನವರಿಯಲ್ಲಿ ಥೇಮ್ಸ್ ಉಕ್ಕಿ ಟೇಟ್‌ನ ನೆಲಮಾಳಿಗೆಗೆ ನುಗ್ಗಿದಾಗ ಈ ಹಾಳೆಗಳೂ ನೆನೆದವು. 1987ರಿಂದ ಅವು ಅಲ್ಲಿನ ಕ್ಲೋರ್ ಗ್ಯಾಲರಿಯಲ್ಲಿ ನೆಮ್ಮದಿಯಾಗಿವೆ. ಪುಟಪುಟದ ಚಿತ್ರವೂ ಅಂತರ್ಜಾಲದಲ್ಲಿ ಸಿಗುತ್ತದೆ.

ಓದುವ ಕೆಲಸ ಮಾತ್ರ ಮುಗಿದಿಲ್ಲ. 1834ರ ಅಕ್ಟೋಬರ್ 16ರ ರಾತ್ರಿ ಲಂಡನ್ನಿನ ಸಂಸತ್ ಭವನ ಹೊತ್ತಿ ಉರಿದಾಗ ಟರ್ನರ್ ಜನರ ನಡುವೆ ನಿಂತು ನೋಡಿದ್ದ. ಮರುವರ್ಷ ಅದರ ಎರಡು ದೊಡ್ಡ ತೈಲಚಿತ್ರ ಮಾಡಿದ, ಅವೀಗ ಅಮೆರಿಕದ ಫಿಲಡೆಲ್ಫಿಯಾ, ಕ್ಲೀವ್‌ಲ್ಯಾಂಡ್ ನಗರಗಳಲ್ಲಿವೆ. ಸ್ಕೆಚ್‌ಪುಸ್ತಕವೊಂದರಲ್ಲಿ ಬೆಂಕಿಯ ಒಂಬತ್ತು ಜಲವರ್ಣಗಳಿವೆ. ಕೆಂಪು, ಕಿತ್ತಳೆ, ಕಪ್ಪು ಹೊಗೆ, ನೀರಿನಂತೆ ಹೊಳೆಯುವ ಒಂದು ತುಂಡು. ಆ ರಾತ್ರಿ ಅಲ್ಲೇ ನಿಂತು ಆತುರದಲ್ಲಿ ಮಾಡಿದವು, ಆ ತೈಲಚಿತ್ರಗಳಿಗೆ ಇವೇ ಮೂಲ ಎಂದು ಬಹುಕಾಲ ಎಲ್ಲರೂ ನಂಬಿದ್ದರು, ಪುಸ್ತಕಗಳಲ್ಲಿ ಹಾಗೇ ಅಚ್ಚಾಗಿತ್ತು. ಟೇಟ್‌ನ ಸಂಶೋಧಕರು ಮತ್ತೆ ಕೂತು ಕಟ್ಟಡಗಳ ಅಂಚನ್ನೂ ಗೋಪುರಗಳ ಸಾಲನ್ನೂ ತಾಳೆ ನೋಡಿದಾಗ ಬೇರೆಯೇ ಉತ್ತರ ಬಂತು: ಅದು ಸಂಸತ್ತಿನ ಬೆಂಕಿಯಲ್ಲ, 1841ರ ಅಕ್ಟೋಬರ್ 30ರ ರಾತ್ರಿ ಲಂಡನ್ ಟವರ್‌ನ ಉಗ್ರಾಣ ಸುಟ್ಟದ್ದು. ಟರ್ನರ್ ಆ ಪುಟಗಳಿಗೆ ಊರ ಹೆಸರಾಗಲಿ ತಾರೀಖಾಗಲಿ ಬರೆದಿರಲಿಲ್ಲ. ಆ ಬೆಂಕಿಯ ತೈಲಚಿತ್ರವನ್ನು ಆತ ಮಾಡಲೂ ಇಲ್ಲ.